ಬೆಟ್ಟ ಹತ್ತಿ ಗೊತ್ತು, ಹಿಮದ ಮೇಲೆ ನಡೆದು ಗೊತ್ತಿಲ್ಲ

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರು. ವಯಸ್ಸು 46. ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು ಮತ್ತು ನಾನು ಭಾನುವಾರ ಬಂದರೆ ಅಂಬಾಜಿದುರ್ಗವೋ ಕೈವಾರದ ಬೆಟ್ಟವೋ ಹತ್ತುತ್ತೇವೆ. ನಂದಿ, ಸ್ಕಂದಗಿರಿ ಎಷ್ಟೋ ಸಲ ಆಗಿದೆ. ಕಾಲಿಗೆ ಅಗಲವಾದದ್ದೇನೋ ಕಟ್ಟಿಕೊಂಡು ಹಿಮದ ಮೇಲೆ ನಡೆಯುವುದನ್ನು ಮಗಳು ಫೋನಿನಲ್ಲಿ ತೋರಿಸಿದಳು. ಸ್ನೋಶೂ ಅಂತಾರಂತೆ. ನಮ್ಮ ದೇಶದಲ್ಲಿ ಇದು ಸಿಗುತ್ತಾ? ಇದನ್ನು ಮಾಡೋದು ಒಳ್ಳೇದಾ, ಸ್ಕೀಯಿಂಗ್ ಕಲಿಯೋದು ಒಳ್ಳೇದಾ? ನನಗೆ ಬಿಪಿ ಮಾತ್ರೆ ಇದೆ. ಹೆಂಡತಿಗೆ ಇಳಿಯುವಾಗ ಮಂಡಿ ನೋವು. 70 ದಾಟಿದ ನಮ್ಮ ಅಮ್ಮನೂ ಬರ್ತೀನಿ ಅಂತಿದ್ದಾರೆ. ಯಾವಾಗ, ಎಲ್ಲಿಗೆ, ಹೇಗೆ ಹೋಗಬೇಕು, ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ಮೇಷ್ಟ್ರೇ, ಖಂಡಿತ ಹೋಗಿ. ಬೆಟ್ಟ ಹತ್ತುವ ಅಭ್ಯಾಸ ಇರುವ ಮನೆಯವರಿಗೆ ಸ್ನೋಶೂವಿನಷ್ಟು ಬೇಗ ಒಗ್ಗುವ ಚಳಿಗಾಲದ ಆಟ ಇನ್ನೊಂದಿಲ್ಲ. ಅರ್ಧ ಗಂಟೆ ನಡೆದರೆ ಕಾಲಿಗೆ ಅದರ ಲೆಕ್ಕ ಸಿಗುತ್ತದೆ. ಆದರೆ ನಮ್ಮ ಬಂಡೆ ಬೆಟ್ಟಗಳು ಕಲಿಸದ ಮೂರು ವಿಷಯ ಅಲ್ಲಿವೆ: ಒದ್ದೆ ಚಳಿ, ತೆಳುವಾದ ಗಾಳಿ, ಕುಸಿಯುವ ಇಳಿಜಾರು. ನಡೆಯೋದು ನಿಮಗೆ ಬರುತ್ತದೆ. ಈ ಮೂರನ್ನು ತಿಳಿದುಕೊಂಡು ಹೊರಡಿ ಅನ್ನೋದೇ ನನ್ನ ಮುಖ್ಯ ಮಾತು. ಅದಕ್ಕೇ ಈ ಉತ್ತರದಲ್ಲಿ ಜಾಸ್ತಿ ಜಾಗ ಅವಕ್ಕೇ ಹೋಗಿದೆ.

ಮೊದಲು ಸ್ನೋಶೂ ಅಂದರೇನು ಅಂತ ನೋಡೋಣ. ಕೆಸರು ದಾಟಲು ನಾವು ಹಲಗೆ ಹಾಕುತ್ತೇವಲ್ಲ, ಅದೇ ಲೆಕ್ಕ. ಭಾರ ಅಗಲ ಜಾಗಕ್ಕೆ ಹಂಚಿಹೋದರೆ ಕಾಲು ಹೂತುಹೋಗೋದಿಲ್ಲ. ಬೂಟಿನ ಅಡಿ 200 ಚದರ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. 25 ಇಂಚು ಉದ್ದದ ಸ್ನೋಶೂ ಸಾವಿರ ಚದರ ಸೆಂಟಿಮೀಟರ್ ದಾಟುತ್ತದೆ. ಅಂದರೆ ಹಿಮದ ಮೇಲೆ ಬೀಳುವ ಒತ್ತಡ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯಿತು. ಆದರೂ ಹೊಸದಾಗಿ ಬಿದ್ದ ಪುಡಿ ಹಿಮದಲ್ಲಿ ಸ್ವಲ್ಪ ಇಳಿಯುತ್ತದೆ. ಗಾಬರಿ ಬೇಡ, ಅದು ಸಹಜ. ಉತ್ತರ ಅಮೆರಿಕದ ಮೂಲನಿವಾಸಿಗಳು ಮರದ ಚೌಕಟ್ಟಿಗೆ ಚರ್ಮದ ದಾರ ಹೆಣೆದು ಇದನ್ನು ಮಾಡಿಕೊಳ್ಳುತ್ತಿದ್ದರು. ಬೇಟೆಗೆ, ಊರಿಂದೂರಿಗೆ ಹೋಗಲು ಅವರಿಗೆ ಇದು ಬೇಕೇಬೇಕಿತ್ತು. ಈಗಿನದ್ದು ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್. ಬೆರಳಿನ ಕೆಳಗೆ ಉಕ್ಕಿನ ಹಲ್ಲುಗಳಿರುತ್ತವೆ. ಗಟ್ಟಿ ಹಿಮ ಸಿಕ್ಕಿದಾಗ ಅವು ಕಚ್ಚಿ ಹಿಡಿಯುತ್ತವೆ.

ಕಟ್ಟಿಕೊಳ್ಳುವುದರಲ್ಲೇ ಅರ್ಧ ಸುಖ ದುಃಖ ನಿರ್ಧಾರವಾಗುತ್ತದೆ. ಸಮತಟ್ಟು ಜಾಗದಲ್ಲಿ ನಿಂತು, ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೋಲಿನಿಂದ ತಟ್ಟಿ ಉದುರಿಸಿ. ಅದು ಹಾಗೇ ಉಳಿದರೆ ಹತ್ತು ನಿಮಿಷದಲ್ಲಿ ಐಸ್ ಉಂಡೆಯಾಗಿ ಪಾದವನ್ನು ಓರೆ ಮಾಡುತ್ತದೆ. ಸ್ನೋಶೂವಿನ ನಡುವೆ ತಿರುಗುವ ಕೀಲು ಇದೆ. ಹೆಬ್ಬೆರಳಿನ ಬುಡದ ಉಬ್ಬು ಸರಿಯಾಗಿ ಅದರ ಮೇಲೆ ಬರಬೇಕು. ಮೊದಲು ಮುಂದಿನ ಪಟ್ಟಿ ಬಿಗಿಯಿರಿ, ಆಮೇಲೆ ಹಿಮ್ಮಡಿಯದ್ದು. ಬಕಲ್ ಎರಡೂ ಕಾಲಿಗೆ ಹೊರಗಡೆ ಇರಲಿ. ಒಳಗಡೆ ಇದ್ದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಈಗ ಕಾಲೆತ್ತಿ. ಹಿಮ್ಮಡಿ ಮೇಲೆ ಬರುತ್ತದೆ, ಸ್ನೋಶೂವಿನ ಬಾಲ ಕೆಳಗೇ ಎಳೆದುಕೊಂಡು ಬರುತ್ತದೆ. ಅದು ಹಾಗೇ ಇರಬೇಕು.

ನಡೆಯುವಾಗ ಕಾಲುಗಳ ನಡುವೆ ದಿನಾ ಬಿಡುವುದಕ್ಕಿಂತ ಒಂದು ಗೇಣು ಜಾಸ್ತಿ ಜಾಗ ಬಿಡಿ. ಹೊಸಬರು ಬೀಳೋದು ಹೆಚ್ಚಾಗಿ ತಮ್ಮ ಒಂದು ಸ್ನೋಶೂವಿನ ಮೇಲೆ ಇನ್ನೊಂದನ್ನು ಇಟ್ಟೇ. ಹಿಂದಕ್ಕೆ ಹೆಜ್ಜೆ ಇಡಲೇಬೇಡಿ. ಬಾಲ ಹಿಮಕ್ಕೆ ಚುಚ್ಚಿಕೊಂಡು ಅಂಗಾತ ಬೀಳುತ್ತೀರಿ. ತಿರುಗಬೇಕಾದರೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಅರ್ಧ ಸುತ್ತು ಹೊಡೆದು ತಿರುಗಿ. ಏರಿನಲ್ಲಿ ಹಿಮ್ಮಡಿಯ ಕೆಳಗಿನ ಕಂಬಿಯನ್ನು ಎತ್ತಿ ನಿಲ್ಲಿಸಿಕೊಂಡರೆ ಮೀನಖಂಡಕ್ಕೆ ಶ್ರಮ ಕಮ್ಮಿ. ಎಲ್ಲ ಸ್ನೋಶೂಗೂ ಈ ಕಂಬಿ ಇರೋದಿಲ್ಲ. ಬಾಡಿಗೆಗೆ ತಗೊಳ್ಳುವಾಗ ಕೇಳಿ ನೋಡಿ. ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ಭಾರವನ್ನು ಹಿಮ್ಮಡಿಯ ಕಡೆ ಬಿಟ್ಟು, ನಿಧಾನಕ್ಕೆ ಒತ್ತಿ ಒತ್ತಿ ಇಳಿಯಿರಿ.

ನಿಮ್ಮ ಮನೆಯವರ ಮಂಡಿ ನೋವಿಗೆ ಇಲ್ಲೊಂದು ಒಳ್ಳೇ ಸುದ್ದಿ ಇದೆ. ನಂದಿಯ ಕಲ್ಲು ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿಗೆ ಪೆಟ್ಟು ಬೀಳುತ್ತದೆ. ಮೆತ್ತನೆ ಹಿಮ ಆ ಪೆಟ್ಟನ್ನು ತಾನೇ ನುಂಗುತ್ತದೆ. ಎರಡು ಕೈಯಲ್ಲೂ ಕೋಲು ಹಿಡಿದರೆ ಇನ್ನೂ ಹಗುರ. ಕೋಲಿನ ತುದಿಗೆ ಅಗಲವಾದ ಬಿಲ್ಲೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಕೋಲೇ ಹೂತುಹೋಗುತ್ತದೆ.

ಬಿದ್ದರೆ ಏಳೋದು ಹೇಗೆ ಅಂತ ಮೊದಲ ದಿನವೇ ಬೇಕಂತಲೇ ಬಿದ್ದು ಕಲಿಯಿರಿ. ಮಗಳಿಗೆ ಇದು ಬಹಳ ಇಷ್ಟವಾಗುತ್ತದೆ. ಕೈ ಊರಿ ಏಳಲು ಹೋದರೆ ಕೈ ಭುಜದವರೆಗೂ ಇಳಿದುಹೋಗುತ್ತದೆ. ಎರಡೂ ಕೋಲನ್ನು ಅಡ್ಡಡ್ಡ ಹಿಮದ ಮೇಲೆ ಮಲಗಿಸಿ. ಅವು ಕೂಡುವ ಜಾಗಕ್ಕೆ ಕೈ ಊರಿ, ಮೊದಲು ಮಂಡಿಯೂರಿ, ಆಮೇಲೆ ಎದ್ದು ನಿಲ್ಲಿ. ಇಳಿಜಾರಿನಲ್ಲಿ ಬಿದ್ದಿದ್ದರೆ ಮೊದಲು ಏರಿನ ಕಡೆಗೆ ಮುಖ ಮಾಡಿ ಹೊರಳಿಕೊಳ್ಳಿ.

ಇನ್ನು ನಮ್ಮ ದೇಶದ ಮಾತು. ನಮ್ಮಲ್ಲಿ ಹೆಚ್ಚಿನ ಚಳಿಗಾಲದ ಚಾರಣಗಳಲ್ಲಿ ಸ್ನೋಶೂ ಕೊಡೋದಿಲ್ಲ. ಜನ ನಡೆದು ನಡೆದು ಗಟ್ಟಿಯಾದ ದಾರಿಯಲ್ಲಿ ಅದು ಬೇಕಾಗೋದೂ ಇಲ್ಲ. ಅಲ್ಲಿ ಜಾರದಂತೆ ಬೂಟಿಗೆ ತೊಡಿಸುವ ಚಿಕ್ಕ ಉಕ್ಕಿನ ಮುಳ್ಳುಗಳ ಮೈಕ್ರೋಸ್ಪೈಕ್, ಪ್ಯಾಂಟಿನೊಳಗೆ ಹಿಮ ನುಗ್ಗದಂತೆ ಮಂಡಿವರೆಗೆ ಕಟ್ಟುವ ಗೇಟರ್ ಸಾಕು. ಕೇದಾರಕಾಂತ ಅಂತ ಕೇಳಿರುತ್ತೀರಿ. ಉತ್ತರಾಖಂಡದ ಸಾಂಕ್ರಿಯಿಂದ ಹೊರಟು ಸುಮಾರು 3,800 ಮೀಟರ್ ಎತ್ತರಕ್ಕೆ ಹೋಗುವ ದಾರಿ. ಅಲ್ಲಿಗೂ ಇವೇ ಸಾಕು. ಸ್ನೋಶೂ ಬೇಕಾಗೋದು ಯಾರೂ ತುಳಿಯದ, ಮಂಡಿಯವರೆಗೆ ಇಳಿಯುವ ಹಿಮದಲ್ಲಿ. ಅಂಥ ಹಿಮ, ಸಮತಟ್ಟು ಹುಲ್ಲುಗಾವಲು, ಕಾಡು, ಬಾಡಿಗೆಗೆ ಸಾಮಾನು, ದಾರಿ ತೋರಿಸುವ ಸ್ಥಳೀಯ ಗೈಡ್ ಎಲ್ಲ ಒಟ್ಟಿಗೆ ಸಿಗುವ ಜಾಗ ಅಂದರೆ ಕಾಶ್ಮೀರದ ಗುಲ್ಮಾರ್ಗ್. ಮೊದಲ ಸಲಕ್ಕೆ ಕೇದಾರಕಾಂತದ ಟೆಂಟಿನಲ್ಲಿ ಮಲಗೋದು ಬೇಡ ಅನ್ನೋದು ನನ್ನ ಸಲಹೆ. ಹಗಲೆಲ್ಲ ಹಿಮದಲ್ಲಿ ಆಡಿ, ರಾತ್ರಿ ಬೆಚ್ಚಗಿನ ಕೋಣೆಗೆ ಬಂದು ಬಟ್ಟೆ ಒಣಗಿಸಿಕೊಳ್ಳುವಂಥ ಜಾಗ ಮೊದಲು. ಟೆಂಟು ಮುಂದಿನ ವರ್ಷ ನೋಡೋಣ.

ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿ.ಮೀ. ದೇವನಹಳ್ಳಿಯ ವಿಮಾನ ನಿಲ್ದಾಣ ನಿಮಗೆ ಹತ್ತಿರವೇ ಇರುವುದರಿಂದ ಶ್ರೀನಗರ ಮುಟ್ಟೋದು ಕಷ್ಟವಲ್ಲ. ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ. ರಸ್ತೆ ಮಾತ್ರ ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಷ್ಟೇ ಸಲ್ಲುತ್ತದೆ. ಹಾಗಾಗಿ ವಾಪಸ್ ವಿಮಾನದ ಹಿಂದಿನ ದಿನವೇ ಶ್ರೀನಗರಕ್ಕೆ ಇಳಿದುಬಿಡಿ. ಶ್ರೀನಗರದಲ್ಲಿ ಹಿಮ, ಮಂಜಿನಿಂದ ವಿಮಾನಗಳು ರದ್ದಾಗೋದೂ ಉಂಟು. ಒಂದು ದಿನ ಕೈಯಲ್ಲಿರಲಿ. ಇನ್ನೊಂದು ಮಾತು, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡೋದಿಲ್ಲ. ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಅಲ್ಲಿನ ಎಷ್ಟೋ ಪ್ರವಾಸಿ ತಾಣ ಮುಚ್ಚಿ, ಹಂತ ಹಂತವಾಗಿ ತೆರೆದಿದ್ದಾರೆ. ಟಿಕೆಟ್ ಮಾಡಿಸುವ ಮುಂಚೆ ಅವತ್ತಿನ ಸರ್ಕಾರಿ ಸೂಚನೆ ನೋಡಿಕೊಳ್ಳಿ.

ಕಾಶ್ಮೀರ ಬೇಡ ಅನ್ನಿಸಿದರೆ ಮನಾಲಿ ಇದೆ. ಸೋಲಾಂಗ್ ಕಣಿವೆ ಇದೆ. 2020ರಲ್ಲಿ ತೆರೆದ, 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿದರೆ ಸಿಸ್ಸು ಅನ್ನುವ ಊರು ಸಿಗುತ್ತದೆ. ಜಾಸ್ತಿ ಹಿಮ ಬಿದ್ದಾಗ ಆ ರಸ್ತೆ ಮುಚ್ಚುತ್ತಾರೆ. ಸೋಲಾಂಗ್‌ನಲ್ಲಿ ರಜೆಯ ದಿನ ಜಾತ್ರೆಯಷ್ಟು ಜನ. ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ.

ಯಾವಾಗ ಅಂದರೆ, ಸಂಕ್ರಾಂತಿ ಮುಗಿಸಿಕೊಂಡು ಹೊರಡಿ. ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಹಿಮ ಸಿಗುವ ಸಾಧ್ಯತೆ ಜಾಸ್ತಿ. ಕಾಶ್ಮೀರದವರು ಡಿಸೆಂಬರ್ 21ರಿಂದ ಶುರುವಾಗುವ 40 ದಿನಗಳನ್ನು ಚಿಲ್ಲೈ ಕಲಾನ್ ಅಂತಾರೆ. ಅದೇ ಕಡು ಚಳಿಯ ಕಾಲ. ಕ್ರಿಸ್‌ಮಸ್ ರಜೆ ನಿಮಗೆ ಅನುಕೂಲ ಅಂತ ಗೊತ್ತು. ಆದರೆ ಡಿಸೆಂಬರ್ ಕೊನೆಯಲ್ಲಿ ಹಿಮದ ಹಾಸು ಇನ್ನೂ ತೆಳುವಾಗಿರುತ್ತದೆ, ಹೋಟೆಲ್ ದರ ಮಾತ್ರ ಆಕಾಶದಲ್ಲಿರುತ್ತದೆ. ಜನವರಿಯಲ್ಲೂ ಹಿಮ ಇದ್ದೇ ಇರುತ್ತದೆ ಅಂತ ಈಗೀಗ ಗಟ್ಟಿಯಾಗಿ ಹೇಳುವ ಹಾಗಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹೆಚ್ಚೂಕಮ್ಮಿ ಬೋಳಾಗಿತ್ತು. ತಿಂಗಳ ಕೊನೆಗೆ ಹಿಮ ಬಂತು. 2025ರಲ್ಲಿ ಹಿಮ ಸಾಲದೆ ಅಲ್ಲಿಯ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಈ ಬದಲಾವಣೆ ನೋಡಿದರೆ ನನಗೆ ಸಂಕಟವಾಗುತ್ತದೆ. ಆ ಹಿಮವನ್ನೇ ನಂಬಿ ಬದುಕುವ ಸ್ಲೆಡ್ಜ್ ಎಳೆಯುವವರು, ಗೈಡ್‌ಗಳು ಎಷ್ಟೋ ಜನ ಅಲ್ಲಿದ್ದಾರೆ. ಆದ್ದರಿಂದ ದಿನಾಂಕ ಬದಲಿಸಬಹುದಾದ ಟಿಕೆಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಅಲ್ಲಿಗೆ ಹೋಗಿ ನಾಲ್ಕು ಊರು ಸುತ್ತೋದು ಬೇಡ. ಒಂದೇ ಕಡೆ ಐದು ದಿನ ನಿಲ್ಲಿ.

ಈಗ ಚಳಿ. ಡಿಸೆಂಬರ್ ಬೆಳಗಿನ ಜಾವ ಚಿಂತಾಮಣಿಯಲ್ಲಿ 10-12 ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಸುತ್ತುತ್ತೇವೆ. ಗುಲ್ಮಾರ್ಗ್‌ನಲ್ಲಿ ಜನವರಿ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗೋದು ಮಾಮೂಲು. ಆದರೆ ಮೈ ಒಣಗಿದ್ದರೆ ಆ ಚಳಿಯನ್ನು ತಡೆಯಬಹುದು. ಒದ್ದೆ ಮೈಗೆ ಸೊನ್ನೆ ಡಿಗ್ರಿಯೂ ಅಪಾಯ. ಒದ್ದೆಯಾಗೋದು ಬರೀ ಹಿಮದಿಂದ ಅಂದುಕೊಳ್ಳಬೇಡಿ, ನಮ್ಮ ಬೆವರಿನಿಂದಲೇ ಜಾಸ್ತಿ. ಸ್ನೋಶೂ ಹಾಕಿ ಏರು ಹತ್ತಿದರೆ ಸ್ಕಂದಗಿರಿಯಲ್ಲಿ ಬೆವರುವಷ್ಟೇ ಬೆವರುತ್ತೀರಿ. ಹತ್ತಿ ಬನಿಯನ್ ಆ ಬೆವರನ್ನು ಕುಡಿದು ಮೈಗೇ ಅಂಟಿಕೊಂಡು ಕೂರುತ್ತದೆ. ನೀವು ನಿಂತ ತಕ್ಷಣ ನಡುಕ ಶುರು. ಅದಕ್ಕೇ ಹತ್ತಿ ಬನಿಯನ್, ಹತ್ತಿ ಕಾಲುಚೀಲ, ಜೀನ್ಸ್ ಮೂರನ್ನೂ ಊರಲ್ಲೇ ಬಿಟ್ಟು ಹೋಗಿ.

ಮೈಗೆ ಅಂಟುವಂತೆ ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್. ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್. ಎಲ್ಲಕ್ಕಿಂತ ಮೇಲೆ ಗಾಳಿ, ನೀರು ತಡೆಯುವ ಜಾಕೆಟ್, ಪ್ಯಾಂಟ್. ನಡೆಯೋಕೆ ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿಕೊಳ್ಳಿ. ಹತ್ತು ನಿಮಿಷಕ್ಕೆ ಮೈ ಬಿಸಿಯಾಗುತ್ತದೆ. ಬೆವರು ಬರುವ ಮೊದಲೇ ಒಂದು ಪದರ ಬಿಚ್ಚಿ ಬ್ಯಾಗಿಗೆ ಹಾಕಿ, ನಿಂತ ಕೂಡಲೇ ಮತ್ತೆ ಹಾಕಿಕೊಳ್ಳಿ. ಇದೊಂದು ಅಭ್ಯಾಸ ಬಂದರೆ ದಿನವಿಡೀ ಹಿಮದಲ್ಲಿ ಖುಷಿಯಾಗಿರಬಹುದು. ದಪ್ಪ ಜಾಕೆಟ್, ಬೂಟು, ಗೇಟರ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಕೊಳ್ಳಬೇಕಾದ್ದು ಥರ್ಮಲ್, ಉಣ್ಣೆ ಕಾಲುಚೀಲ, ಒಳ್ಳೆಯ ಕೈಗವಸು, ಕಪ್ಪು ಕನ್ನಡಕ. ಕೈಗವಸು ಎರಡು ಜೊತೆ ಇರಲಿ. ಒಂದು ಒದ್ದೆಯಾಗೇ ಆಗುತ್ತದೆ. ಬೆಂಗಳೂರಿನ ಡೆಕಾಥ್ಲಾನ್‌ನಂಥ ಅಂಗಡಿಯಲ್ಲಿ ಇವೆಲ್ಲ ಸಿಗುತ್ತವೆ.

ಬೂಟು ಬಿಗಿಯಾಗಿರಬಾರದು. ಎರಡು ಜೊತೆ ಕಾಲುಚೀಲ ತುರುಕಿ ಬೆರಳು ಅಲ್ಲಾಡದ ಹಾಗೆ ಮಾಡಿಕೊಂಡರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ಬೆರಳೋ ಕಿವಿಯೋ ಬೆಳ್ಳಗಾಗಿ ಸ್ಪರ್ಶ ಗೊತ್ತಾಗದಿದ್ದರೆ ಕೂಡಲೇ ಒಳಗೆ ಬನ್ನಿ. ಬೆರಳನ್ನು ಕಂಕುಳಲ್ಲಿಟ್ಟು, ಕಿವಿಯನ್ನು ಅಂಗೈಯಿಂದ ಮುಚ್ಚಿ ಬೆಚ್ಚಗೆ ಮಾಡಿ. ಹಿಮ ಹಾಕಿ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯೋದಿಲ್ಲ.

ರಾತ್ರಿಯ ವಿಷಯಕ್ಕೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಪ್ರತಿ ಚಳಿಗಾಲ ಉತ್ತರ ಭಾರತದಿಂದ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಹೊಗೆ ಕೊಳವೆ ಹೊರಗೆ ಹೋಗುವ ಬುಖಾರಿ ಅನ್ನುವ ಒಲೆ ಅಥವಾ ವಿದ್ಯುತ್ ಹೀಟರ್, ಎಲೆಕ್ಟ್ರಿಕ್ ಹಾಸಿಗೆ ಇರುವ ಕೋಣೆಯನ್ನೇ ಕೇಳಿ. ಬುಖಾರಿ ಇದ್ದರೂ ಕಿಟಕಿ ಒಂದಿಷ್ಟು ತೆರೆದಿರಲಿ.

ಎತ್ತರದ ಮಾತಿಗೆ ಬರೋಣ. ನಂದಿ ಬೆಟ್ಟದ ತುದಿ 1,478 ಮೀಟರ್. ಗುಲ್ಮಾರ್ಗ್‌ನ ಬಯಲೇ ಸುಮಾರು 2,650 ಮೀಟರ್. ಅಂದರೆ ನೀವು ಕಾರಿನಿಂದ ಇಳಿದು ನಿಲ್ಲುವ ಜಾಗವೇ ನಂದಿಗಿಂತ ಸಾವಿರ ಮೀಟರ್‌ಗೂ ಜಾಸ್ತಿ ಎತ್ತರ. 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗಬಹುದು. ಗಟ್ಟಿಮುಟ್ಟಾದ ಆಳಿಗೂ ಬರಬಹುದು. ಬೆಟ್ಟ ಹತ್ತಿ ಅಭ್ಯಾಸ ಇದೆ ಅನ್ನುವ ಕಾರಣಕ್ಕೆ ಅದು ಬಿಡೋದಿಲ್ಲ. ಹಾಗಾಗಿ ಮೊದಲ ರಾತ್ರಿ ಶ್ರೀನಗರದಲ್ಲಿ ಕಳೆಯಿರಿ. ಅದು ಸುಮಾರು 1,600 ಮೀಟರ್. ಮೇಲೆ ಹೋದ ಮೊದಲ ದಿನ ಸುಮ್ನೆ ಅಡ್ಡಾಡಿ ಅಷ್ಟೇ. ತಲೆನೋವು ಬಂದರೆ ಇನ್ನೂ ಮೇಲೆ ಹೋಗಬೇಡಿ. ಕಮ್ಮಿಯಾಗದೆ ವಾಂತಿ, ತೂರಾಟ, ಕೂತಲ್ಲೇ ಉಸಿರು ಕಟ್ಟುವುದು ಕಂಡರೆ ತಡ ಮಾಡದೆ ಕೆಳಗಿಳಿಯಿರಿ. ಇಳಿಯುವುದೇ ಮದ್ದು.

ನಿಮ್ಮ ಬಿಪಿ ಮಾತ್ರೆ ಬಿಡಬೇಡಿ. ಚಳಿಗೆ ಮತ್ತು ಎತ್ತರಕ್ಕೆ ಬಿಪಿ ಏರುವ ಗುಣ ಇದೆ. ಹೊರಡುವ ಒಂದು ತಿಂಗಳ ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಎಷ್ಟು ಎತ್ತರ, ಎಷ್ಟು ದಿನ, ಏನು ಮಾಡುತ್ತೀರಿ ಎಲ್ಲ ಹೇಳಿ. ಕೆಲವು ಬಿಪಿ ಮಾತ್ರೆಗಳು ಕೈಕಾಲನ್ನು ತಣ್ಣಗಾಗಿಸುತ್ತವೆ, ಕೆಲವು ಮೂತ್ರ ಜಾಸ್ತಿ ಮಾಡುತ್ತವೆ. ಎತ್ತರಕ್ಕೆ ಅಂತ ಕೆಲವರು ನುಂಗುವ ಡಯಾಮಾಕ್ಸನ್ನು ಯಾರೋ ಹೇಳಿದರು ಅಂತ ತಗೊಳ್ಳಬೇಡಿ. ಸಲ್ಫಾ ಅಲರ್ಜಿ ಇದ್ದವರಿಗೆ ಅದರಿಂದ ತೊಂದರೆ ಆಗಬಹುದು. ಡಾಕ್ಟರೇ ಹೇಳಲಿ. ಮೈ ಬಿಸಿಗೆ ಅಂತ ಯಾರಾದರೂ ಬ್ರಾಂಡಿ ಕೊಟ್ಟರೆ ಬೇಡ ಅನ್ನಿ. ಅದು ಚರ್ಮಕ್ಕೆ ಬಿಸಿ ಅನ್ನಿಸಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ.

ಮೂರನೆಯದು ಕುಸಿಯುವ ಇಳಿಜಾರು. ಇದಕ್ಕೆ ನಮ್ಮ ಬೆಟ್ಟಗಳಲ್ಲಿ ಹೋಲಿಕೆಯೇ ಇಲ್ಲ. ಒಂದರ ಮೇಲೊಂದು ಪದರವಾಗಿ ಬಿದ್ದ ಹಿಮದಲ್ಲಿ ನಡುವಿನ ಪದರ ಬಲಹೀನವಾಗಿದ್ದರೆ ಮೇಲಿನದ್ದು ಚಪ್ಪಡಿಯಂತೆ ಜಾರಿ ಬರುತ್ತದೆ. ಎಷ್ಟೋ ಸಲ ಆ ಚಪ್ಪಡಿಯನ್ನು ಒಡೆಯೋದು ಅಲ್ಲಿ ನಡೆದವರ ಅಥವಾ ಜಾರಿದವರ ಭಾರವೇ. ಹಿಮಕುಸಿತಗಳು ಹೆಚ್ಚಾಗಿ ಆಗೋದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ದಟ್ಟ ಹಿಮ ಬಿದ್ದ ಮೇಲಿನ ಮೊದಲ ಒಂದೆರಡು ದಿನ ಅಪಾಯ ಜಾಸ್ತಿ. ಬಿಸಿಲು ಬಂತು, ಆಕಾಶ ನೀಲಿ ಇದೆ, ಹೊಸ ಹಿಮ ಕರೆಯುತ್ತಿದೆ ಅನ್ನಿಸುವ ದಿನವೇ ಅದು. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಮೇಲಿನ ಅಫರ್ವತ್ ಇಳಿಜಾರಿನಲ್ಲಿ ಹಿಮ ಕುಸಿದು ಇಬ್ಬರು ವಿದೇಶಿ ಸ್ಕೀಯರ್‌ಗಳು ಸತ್ತರು. ಹೂತವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಬಹಳ. ಆಮೇಲೆ ಅದು ಸರ್ರನೆ ಇಳಿಯುತ್ತದೆ. ಊರಿಂದ ಸಹಾಯ ಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಅದಕ್ಕೇ ಅಂಥ ಕಡೆ ಹೋಗುವ ಪ್ರತಿಯೊಬ್ಬರ ಮೈಮೇಲೂ ಸಿಗ್ನಲ್ ಕಳಿಸುವ ಬೀಕನ್, ಬ್ಯಾಗಿನಲ್ಲಿ ಚುಚ್ಚಿ ಹುಡುಕುವ ಉದ್ದದ ಸರಳು, ಸಲಿಕೆ ಇರುತ್ತವೆ. ಬಳಸಿ ಅಭ್ಯಾಸವೂ ಇರಬೇಕು.

ನಿಮಗೆ ಅವು ಯಾವುದೂ ಬೇಡ, ಏಕೆಂದರೆ ನೀವು ಅಂಥ ಕಡೆ ಹೋಗೋದಿಲ್ಲ. ಗುಲ್ಮಾರ್ಗ್‌ನ ಹುಲ್ಲುಗಾವಲು, ಅದರ ಅಂಚಿನ ಕಾಡಿನ ಸಮತಟ್ಟು ದಾರಿಗಳು ಸ್ನೋಶೂಗೆ ಹೇಳಿ ಮಾಡಿಸಿದ ಜಾಗ. ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲೆ ಕಡಿದಾದ ಬೋಳು ಇಳಿಜಾರು ಇದೆಯಾ ಅಂತಲೂ ನೋಡಿ. ಇದ್ದರೆ ಅದರ ಬುಡದಲ್ಲಿ ನಿಂತು ಬುತ್ತಿ ಬಿಚ್ಚಬೇಡಿ. ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಬೆಳಿಗ್ಗೆ ಗೈಡ್‌ಗೆ ಮೊದಲು ಕೇಳಬೇಕಾದ್ದು, ಇವತ್ತು ಅಪಾಯದ ಮಟ್ಟ ಎಷ್ಟು ಅಂತ. ಅದಕ್ಕೆ ಉತ್ತರ ಗೊತ್ತಿಲ್ಲದ ಗೈಡ್ ಬೇಡ.

ಕಾಡಿನಲ್ಲೂ ಒಂದು ಎಚ್ಚರ ಇದೆ. ಪೈನ್‌ನಂಥ ದೊಡ್ಡ ಸೂಚಿಪರ್ಣಿ ಮರಗಳ ಬುಡಕ್ಕೆ ಹೋಗಬೇಡಿ. ಕೊಂಬೆ ಹಿಮವನ್ನು ತಡೆಯುವುದರಿಂದ ಕಾಂಡದ ಸುತ್ತ ಟೊಳ್ಳು ಗುಂಡಿ ಇರುತ್ತದೆ, ಮೇಲಿಂದ ಕಾಣೋದಿಲ್ಲ. ತೊರೆಯ ಮೇಲಿನ ಹಿಮವನ್ನೂ ನಂಬಬಾರದು. ಮೊದಲು ಗೈಡ್ ದಾಟಲಿ.

ಸ್ಕೀಯಿಂಗ್ ಬೇಡವಾ ಅಂತ ಮಗಳು ಕೇಳುತ್ತಾಳೆ. ಐದು ದಿನದಲ್ಲಿ ಎರಡು ದಿನ ಅವಳಿಗೆ ಸ್ಕೀ ಮಾಸ್ತರರ ಹತ್ತಿರ ಕಲಿಯಲು ಬಿಡಿ. ಅವಳ ವಯಸ್ಸಿಗೆ ಬೇಗ ಬರುತ್ತದೆ. ಎರಡೂ ಸ್ಕೀಯ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ ವೇಗ ತಡೆಯೋದನ್ನು ಮೊದಲು ಕಲಿಸುತ್ತಾರೆ. ನಿಲ್ಲಿಸೋದು ಬಂದಮೇಲೇ ಜಾರೋದು. ಹೆಲ್ಮೆಟ್ ಇಲ್ಲದೆ ಬೇಡ. ಇಷ್ಟವಾದರೆ ಮುಂದೆ ಸರಿಯಾದ ಕೋರ್ಸಿಗೇ ಕಳಿಸಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ. ದಿನಗೂಲಿಯಂತೆ ಒಂದೊಂದು ಗಂಟೆ ಕಲಿಯುವುದಕ್ಕಿಂತ ಇಂಥ ಕಡೆ ಒಂದೆರಡು ವಾರ ಕಲಿಯೋದು ಎಷ್ಟೋ ಮೇಲು. ಹಿಮವೇ ಬೀಳದ ನಾಡಿನವರಿಗೆ ಇದೆಲ್ಲ ಯಾಕೆ ಅನ್ನುವವರೂ ಇರುತ್ತಾರೆ. ನಮ್ಮದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಮಗಳಿಗೆ ಅವರ ಹೆಸರು ಹೇಳಿ.

ನಿಮಗೂ ಮನೆಯವರಿಗೂ ಮಾತ್ರ ನಾನು ಸ್ನೋಶೂವನ್ನೇ ಹೇಳುತ್ತೇನೆ. ಸ್ಕೀಯಲ್ಲಿ ಮಂಡಿ ತಿರುಚುವ ಭಯ ಇದೆ. ಮೊದಲೇ ನೋವಿರುವ ಮಂಡಿಗೆ ಅದು ಬೇಡ. ಹಿಮದ ಸ್ಕೂಟರ್, ನಾಲ್ಕು ಚಕ್ರದ ಬೈಕು ಅಂತ ಕೈ ಹಿಡಿದು ಎಳೆಯುತ್ತಾರೆ. ಹತ್ತು ನಿಮಿಷದ ಸದ್ದು, ಹೊಗೆ. ಆ ದುಡ್ಡನ್ನು ಒಳ್ಳೇ ಗೈಡ್‌ಗೆ ಇನ್ನೊಂದು ದಿನ ಕೊಡಿ. ಹೊಸ ಹಿಮ ಬಿದ್ದ ಬೆಳಿಗ್ಗೆ ಆ ಕಾಡಿನಲ್ಲಿ ನರಿಯ ಹೆಜ್ಜೆಗುರುತು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹಿಂಬಾಲಿಸುವ ಸಂತೋಷ ಯಾವ ಸ್ಕೂಟರೂ ಕೊಡೋದಿಲ್ಲ.

ತಯಾರಿಗೆ ನಿಮಗೆ ಎರಡು ತಿಂಗಳು ಸಾಕು. ಏರುವ ದಮ್ಮು ನಿಮಗಿದೆ. ಬೇಕಾಗಿರೋದು ತೊಡೆಯನ್ನು ಮತ್ತೆ ಮತ್ತೆ ಎತ್ತುವ ಶಕ್ತಿ. ಸ್ನೋಶೂವಿನ ತೂಕ ಪ್ರತಿ ಹೆಜ್ಜೆಗೂ ಕಾಲಿಗೆ ಜೋತುಬೀಳುತ್ತದೆ. ನಂದಿಗೆ ಸುಲ್ತಾನಪೇಟೆ ಕಡೆಯ ಮೆಟ್ಟಿಲಿನಿಂದ ಹತ್ತಿ, ಬೆನ್ನಿಗೆ ಐದಾರು ಕೆ.ಜಿ. ಇರಲಿ. ಮನೆಯವರು ಹತ್ತಿದ ಮೇಲೆ ಬಸ್ಸಿನಲ್ಲಿ ಇಳಿದರೂ ನಡೆಯುತ್ತದೆ, ಮಂಡಿ ಉಳಿಯಲಿ. ವಾರಕ್ಕೆ ಎರಡು ದಿನ ಮರಳಿನಲ್ಲೋ ಉತ್ತ ಹೊಲದಲ್ಲೋ ಅರ್ಧ ಗಂಟೆ ಮಂಡಿ ಎತ್ತೆತ್ತಿ ನಡೆಯಿರಿ. ಕೋಲು ಹಿಡಿದೇ ನಡೆಯಿರಿ, ಕೈಗೂ ಅಭ್ಯಾಸವಾಗಲಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಚಳಿಯಲ್ಲಿ ಮೈಗೆ ಹೆಚ್ಚು ಉರುವಲು ಬೇಕು, ಹಸಿವು ಮಾತ್ರ ಗೊತ್ತಾಗೋದಿಲ್ಲ. ಚಾಕೊಲೇಟ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಮಾತ್ರ ಅಷ್ಟು ಚಳಿಯಲ್ಲೂ ಬಾಯಿಗೆ ಹಾಕಿಕೊಂಡ ಹಾಗೇ ಇರುತ್ತದೆ. ಎಳ್ಳು, ಕಡಲೆಬೀಜ, ಕೊಬ್ಬರಿ, ಬೆಲ್ಲ, ಎಲ್ಲ ಶಕ್ತಿಯೇ. ಜೇಬಲ್ಲಿಟ್ಟುಕೊಂಡು ಮುಕ್ಕಾಲು ಗಂಟೆಗೊಮ್ಮೆ ಒಂದು ಮುಷ್ಟಿ ತಿನ್ನಿ. ರಾಗಿ ಹುರಿಹಿಟ್ಟು ಒಯ್ದರೆ ಬಿಸಿನೀರು, ಬೆಲ್ಲ ಹಾಕಿ ಕಲಸಿಕೊಳ್ಳಬಹುದು. ನೀರು ಕುಡಿಯೋದು ಮರೆಯಬೇಡಿ. ಬಾಯಾರಿಕೆ ಆಗದಿದ್ದರೂ ಉಸಿರಿನಲ್ಲೇ ನೀರು ಹೋಗುತ್ತಿರುತ್ತದೆ. ಬಾಟಲಿಯನ್ನು ಬ್ಯಾಗಿನೊಳಗೆ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ತೆರೆದೇ ಇರುತ್ತದೆ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ.

ಕಪ್ಪು ಕನ್ನಡಕ ಶೋಕಿಗಲ್ಲ. ಹೊಸ ಹಿಮ ಸೂರ್ಯನ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ವಾಪಸ್ ಚಿಮ್ಮಿಸುತ್ತದೆ. ಒಂದು ಮಧ್ಯಾಹ್ನ ಬರಿಗಣ್ಣಿನಲ್ಲಿ ನಡೆದರೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಉರಿಯುತ್ತದೆ. ಮೋಡ ಇದ್ದರೂ ಹಾಕಿ. ಸನ್‌ಸ್ಕ್ರೀನ್ ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ. ಬಿಸಿಲು ಕೆಳಗಿನಿಂದಲೂ ಬರುತ್ತದೆ.

ಕೊನೆಗೆ ಅಮ್ಮನ ವಿಷಯ. ಅವರ ಎದೆ, ಉಸಿರು ಚೆನ್ನಾಗಿದ್ದು, ಡಾಕ್ಟರು ಹೂಂ ಅಂದರೆ ಕರೆದುಕೊಂಡೇ ಹೋಗಿ. ಅವರು ನಡೆಯಬೇಕಾಗಿಲ್ಲ. ಗುಲ್ಮಾರ್ಗ್‌ನ ಗೊಂಡೊಲಾ, ಅಂದರೆ ಕೇಬಲ್ ಕಾರಿನ ಮೊದಲ ಹಂತ 3,000 ಮೀಟರ್ ಆಸುಪಾಸಿನ ಕೊಂಗ್ಡೂರಿಯವರೆಗೆ ಹೋಗುತ್ತದೆ. ಅಲ್ಲಿಯವರೆಗೆ ಹೋಗಿ, ಕೂತು, ಒಂದು ಕಾಶ್ಮೀರಿ ಕಾವಾ ಚಹಾ ಕುಡಿದು ಬರಲಿ. ಎರಡನೇ ಹಂತ 3,900 ಮೀಟರ್‌ಗೂ ಮೇಲೆ ಒಯ್ಯುತ್ತದೆ. ಅವರಿಗೂ, ಬಿಪಿ ಇರುವ ನಿಮಗೂ ಈ ಸಲ ಅದು ಬೇಡ. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಮಾಡಿಸಿ, ಸ್ಥಳದಲ್ಲಿ ಸಿಗೋದು ಕಷ್ಟ. ಜಾರುವ ನೆಲದಲ್ಲಿ ಹಿರಿಯರ ಸೊಂಟಕ್ಕೆ ಪೆಟ್ಟಾಗೋದು ಸುಲಭ. ಹೋಟೆಲ್ ಬಾಗಿಲಿನಿಂದ ಗಾಡಿಯವರೆಗಿನ ನಾಲ್ಕು ಹೆಜ್ಜೆಗೂ ಅವರ ಬೂಟಿಗೆ ಸ್ಪೈಕ್ ತೊಡಿಸಿ, ಒಬ್ಬರು ತೋಳು ಹಿಡಿದುಕೊಳ್ಳಿ. ಕೋಣೆ ನೆಲಮಹಡಿಯಲ್ಲೇ ಇರಲಿ, ಬಿಸಿನೀರು ದಿನವಿಡೀ ಬರುತ್ತದಾ ಅಂತ ಫೋನ್ ಮಾಡಿ ಕೇಳಿಯೇ ಬುಕ್ ಮಾಡಿ.